ಎದೆಯ ಮೇಲೆ ಕುಳಿತದ್ದು ಯಾರು?

ನಡುರಾತ್ರಿ ಎಚ್ಚರವಾಗುತ್ತದೆ. ಕಣ್ಣು ತೆರೆದಿದೆ, ಆದರೆ ಕೈಕಾಲು ಅಲುಗಾಡುವುದಿಲ್ಲ. ಕೂಗಲು ದನಿ ಹೊರಡುವುದಿಲ್ಲ. ಕೋಣೆಯಲ್ಲಿ ಯಾರೋ ಇದ್ದಾರೆನಿಸುತ್ತದೆ. ಎದೆಯ ಮೇಲೆ ಯಾರೋ ಕುಳಿತು ಉಸಿರು ಕಟ್ಟಿಸಿದಂತಾಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಮಾಯ! ಬೆಳಿಗ್ಗೆ ಹೇಳಿಕೊಂಡರೆ ಒಬ್ಬರು 'ದೆವ್ವದ ಕಾಟ' ಎನ್ನುತ್ತಾರೆ, ಇನ್ನೊಬ್ಬರು 'ಬರೀ ಭ್ರಮೆ' ಎಂದು ನಗುತ್ತಾರೆ. ವಿಜ್ಞಾನ ಏನು ಮಾಡಬೇಕು?

ಇಂಥ ಅನುಭವ ಯಾವ ರಾತ್ರಿ ಬರುತ್ತದೆಂದು ಹೇಳಲಾಗದು. ಹಾಗಾಗಿ ಅನುಭವಿಸಿದವರನ್ನು ಕೇಳಿ ತಿಳಿಯುವುದೇ ಅಧ್ಯಯನದ ಒಂದು ಮುಖ್ಯ ದಾರಿ. ಈ ದಾರಿ ಹಳೆಯದು. 1882ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್' ಎಂಬ ಸಂಸ್ಥೆ 17,000 ಜನರಿಂದ ಉತ್ತರ ಸಂಗ್ರಹಿಸಿ 1894ರಲ್ಲಿ ವರದಿ ಪ್ರಕಟಿಸಿತು. ಪೂರ್ತಿ ಎಚ್ಚರವಾಗಿದ್ದೇನೆಂದು ನಂಬಿದ್ದಾಗ, ಹೊರಗಿನ ಕಾರಣವೇನೂ ಇಲ್ಲದೆ, ಯಾರನ್ನೋ ಕಂಡ, ಯಾರೋ ಮುಟ್ಟಿದ, ದನಿ ಕೇಳಿದ ಅನುಭವ ಆಗಿದೆಯೇ ಎಂಬುದು ಪ್ರಶ್ನೆಯ ಸಾರ. ಕನಸು ಮುಂತಾದವನ್ನು ಕಳೆದ ಮೇಲೂ 1,684 ಜನರ ಉತ್ತರ 'ಹೌದು' ಎಂದಿತ್ತು. ಅಂದರೆ ಹತ್ತರಲ್ಲಿ ಸುಮಾರು ಒಬ್ಬರು. ಗಮನಿಸಿ, ಪ್ರಶ್ನೆಯಲ್ಲಿ 'ದೆವ್ವ' ಎಂಬ ಮಾತಿಲ್ಲ. ಕೇಳಿದ್ದು ಅನುಭವವನ್ನು, ನಂಬಿಕೆಯನ್ನಲ್ಲ.

ಅಂದು ಮನೆಮನೆಗೆ, ಪರಿಚಿತರ ಬಳಿಗೆ ಹೋಗಿ ಕೇಳಬೇಕಿತ್ತು. ಇಂಟರ್ನೆಟ್ ಬಂದ ಮೇಲೆ ಪ್ರಶ್ನಾವಳಿ ತಾನೇ ದೇಶದೇಶಗಳಿಗೆ ತಲುಪಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಅಲನ್ ಚೇನ್ ಹೀಗೆ ಅಂತರ್ಜಾಲದ ಮೂಲಕ ಸಹಸ್ರಾರು ಜನರ ವಿವರ ಪಡೆದರು. ಬಿಡಿ ಕಥೆಗಳಂತಿದ್ದ ಅನುಭವಗಳು ಮೂರು ಗುಂಪುಗಳಾಗಿ ಕಂಡವು: ಯಾರೋ ಇದ್ದಾರೆಂಬ ಭಯ, ಎದೆ ಒತ್ತಿದ ಭಾವನೆ, ತೇಲಿದ ಅಥವಾ ದೇಹದಿಂದ ಹೊರಬಂದ ಭಾವನೆ. ಅಂಗಾತ ಮಲಗಿದಾಗ ಇದು ಹೆಚ್ಚು ಎಂಬುದೂ ತಿಳಿಯಿತು.

ಇದರ ಹೆಸರು ನಿದ್ರಾಸ್ತಂಭನ. ಕನಸು ದಟ್ಟವಾಗಿರುವ ನಿದ್ರೆಯಲ್ಲಿ ಮಿದುಳು ಸ್ನಾಯುಗಳನ್ನು ಸಡಿಲಗೊಳಿಸಿ ಕಟ್ಟಿಹಾಕಿರುತ್ತದೆ; ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಹಾಸಿಗೆಯಿಂದಲೇ ಓಡುತ್ತಿದ್ದರು! ಆ ಕಟ್ಟು ಬಿಚ್ಚುವ ಮೊದಲೇ ಎಚ್ಚರವಾದರೆ, ಕನಸಿನ ಚಿತ್ರಗಳು ಎಚ್ಚರದ ಕೋಣೆಯೊಳಗೆ ನುಸುಳುತ್ತವೆ.

ಆದರೆ ಅಂತರ್ಜಾಲ ಸಮೀಕ್ಷೆಗೆ ಒಂದು ಮಿತಿಯಿದೆ. ಅನುಭವ ಆದವರೇ ಅದನ್ನು ಹುಡುಕಿಕೊಂಡು ಬಂದು ಉತ್ತರಿಸುತ್ತಾರೆ, ಆಗದವರು ಸುಮ್ಮನಿರುತ್ತಾರೆ. ಆಸ್ಪತ್ರೆಯಲ್ಲಿ ನಿಂತು ಊರಿನ ರೋಗಿಗಳನ್ನು ಎಣಿಸಿದ ಹಾಗೆ. ಅನುಭವ ಹೇಗಿತ್ತು ಎಂಬುದಕ್ಕೆ ಈ ವಿಧಾನ ಒಳ್ಳೆಯದು, ಎಷ್ಟು ಜನರಿಗೆ ಆಗುತ್ತದೆ ಎಂಬುದಕ್ಕಲ್ಲ. ಆ ಲೆಕ್ಕಕ್ಕೆ ಬೇರೆ ಅಧ್ಯಯನಗಳು ಬೇಕು. 2011ರಲ್ಲಿ 35 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜೀವನದಲ್ಲಿ ಒಮ್ಮೆಯಾದರೂ ನಿದ್ರಾಸ್ತಂಭನ ಅನುಭವಿಸಿದವರು ಸಾಮಾನ್ಯ ಜನರಲ್ಲಿ ಶೇಕಡಾ 7.6, ವಿದ್ಯಾರ್ಥಿಗಳಲ್ಲಿ ಶೇಕಡಾ 28.3 ಎಂದು ಕಂಡುಬಂತು.

ವಿದ್ಯಾರ್ಥಿಗಳಲ್ಲಿ ಇಷ್ಟೊಂದು ಹೆಚ್ಚು! ನಿಮ್ಮ ತರಗತಿಯಲ್ಲೂ ಹೇಳಿಕೊಳ್ಳಲು ಅಂಜುವ ಗೆಳೆಯರೋ ಗೆಳತಿಯರೋ ಇರಬಹುದು. ಅವರು ಹೇಳಿದರೆ ನಗಬೇಡಿ, ಹೆದರಿಸಲೂ ಬೇಡಿ. ಹೊತ್ತಿಗೆ ಸರಿಯಾಗಿ ಮಲಗಿ ಏಳುವುದು, ಅಂಗಾತ ಮಲಗದಿರುವುದು ಸಹಾಯವಾಗಬಹುದು. ಮತ್ತೆ ಮತ್ತೆ ಕಾಡಿದರೆ ವೈದ್ಯರನ್ನು ಕಾಣಲಿ. ಅವರು ಅನುಭವಿಸಿದ್ದು ನಿಜ. ಅದಕ್ಕೆ ಕಾರಣ ಏನೆಂಬುದು ಮಾತ್ರ ಬೇರೆಯೇ ಪ್ರಶ್ನೆ. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟು ನೋಡುವುದನ್ನೇ ಒಳ್ಳೆಯ ಸಮೀಕ್ಷೆ ಕಲಿಸುತ್ತದೆ.