ದೇಶ ದೇಶಗಳ ನಡುವಿನ ಮುಯ್ಯಾಳು



ತಾರ್ನಾಕದ ಕಡೆ ಓಡಾಡುವವರು ಇಫ್ಲು, ಅಂದರೆ ಆಂಗ್ಲ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವನ್ನು ನೋಡಿಯೇ ಇರುತ್ತೀರಿ. ಆಫ್ರಿಕಾದಿಂದ, ಏಷ್ಯಾದ ಹಲವು ದೇಶಗಳಿಂದ ಬಂದವರು ಅಲ್ಲಿ ಇಂಗ್ಲಿಷ್ ಕಲಿತು ಹೋಗುತ್ತಾರೆ. ವಿಮಾನದ ಟಿಕೆಟ್, ಶುಲ್ಕ, ಊಟ, ವಸತಿ ಎಲ್ಲ ಭಾರತ ಸರ್ಕಾರದ್ದು. 1964ರಲ್ಲಿ ಆರಂಭವಾದ ಈ ಯೋಜನೆಯ ಹೆಸರು ಐಟೆಕ್, ಅಂದರೆ ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ.

ಈಗ ಒಂದು ಪ್ರಶ್ನೆ. ಈ ಸಹಾಯದ ಬೆಲೆ ಎಷ್ಟು?

ಶ್ರೀಮಂತ ದೇಶಗಳಿಗೆ ಇದಕ್ಕೊಂದು ಲೆಕ್ಕದ ಪುಸ್ತಕವಿದೆ. ಅವರ ಒಇಸಿಡಿ ಸಂಘಟನೆ 1969ರಿಂದ ‘ಅಧಿಕೃತ ಅಭಿವೃದ್ಧಿ ನೆರವು’ ಎಂಬ ಅಳತೆಗೋಲು ಇಟ್ಟುಕೊಂಡಿದೆ. ಅದು ಅಳೆಯುವುದು ಹಣವನ್ನು. ಇಲ್ಲೇ ತೊಡಕು. ಅದೇ ಪಾಠವನ್ನು ಲಂಡನ್ನಿನ ಮೇಷ್ಟ್ರು ಮಾಡಿದರೆ ಖರ್ಚು ಹೆಚ್ಚು, ತಾರ್ನಾಕದ ಮೇಷ್ಟ್ರು ಮಾಡಿದರೆ ಕಡಿಮೆ. ಕಲಿತದ್ದು ಅಷ್ಟೇ ಆದರೂ ಹಣದ ಪಟ್ಟಿಯಲ್ಲಿ ನಮ್ಮದು ಚಿಕ್ಕದಾಗಿ ಕಾಣುತ್ತದೆ.

ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ನಿಮಗೆ ನೆನಪಿರಬಹುದು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ಅಲ್ಲಿ ಎಣಿಸುವುದು ಕೂಲಿಯನ್ನಲ್ಲ, ಆಳನ್ನು. ಅಲ್ಲಿ ಕೊಟ್ಟವರು ದೊಡ್ಡವರೂ ಅಲ್ಲ, ಪಡೆದವರು ಚಿಕ್ಕವರೂ ಅಲ್ಲ. ಅಭಿವೃದ್ಧಿಶೀಲ ದೇಶಗಳು 1978ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸೇರಿ ತಾಂತ್ರಿಕ ಸಹಕಾರದ ಯೋಜನೆಯೊಂದನ್ನು ಒಪ್ಪಿಕೊಂಡಾಗ ಇದ್ದ ಭಾವವೂ ಹೆಚ್ಚು ಕಡಿಮೆ ಇದೇ.

ಆದರೆ ಎಲ್ಲರೂ ಒಪ್ಪುವ ಅಳತೆ ಸಿಗಲು ಬಹಳ ವರ್ಷ ಹಿಡಿಯಿತು. 2022ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗವು ಅಭಿವೃದ್ಧಿಶೀಲ ದೇಶಗಳೇ ಮುಂದಾಗಿ ರೂಪಿಸಿದ ಒಂದು ಚೌಕಟ್ಟಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಮೂರು ಕಂತೆಗಳಿವೆ. ಮೊದಲನೆಯದು ಸಾಲ, ಅನುದಾನದಂಥ ನೇರ ಹಣ. ಎರಡನೆಯದು ಹಣವಲ್ಲದಿದ್ದರೂ ಬೆಲೆ ಕಟ್ಟಬಹುದಾದ ನೆರವು. ಮೂರನೆಯದು ಬೆಲೆ ಕಟ್ಟದೆ ಬೇರೆ ಬಗೆಯಲ್ಲಿ ಎಣಿಸುವಂಥದ್ದು: ಎಷ್ಟು ಜನ ಕಲಿತರು, ಎಷ್ಟು ದಿನ, ಎಷ್ಟು ಗಂಟೆ. ನಮ್ಮ ಮುಯ್ಯಾಳಿಗೆ ಜಾಗ ಸಿಕ್ಕಿದ್ದು ಈ ಮೂರನೆಯ ಕಂತೆಯಲ್ಲಿ!

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. ರೇಡಿಯೋದವರಾದ ನಮಗೆ ಇದು ಚೆನ್ನಾಗಿ ಗೊತ್ತು. ಎಷ್ಟು ಗಂಟೆ ಪ್ರಸಾರ ಮಾಡಿದೆವು ಎಂಬುದು ಒಂದು ಲೆಕ್ಕ, ಎಷ್ಟು ಜನ ಕೇಳಿದರು ಎಂಬುದು ಇನ್ನೊಂದು. ಹಾಗೆಯೇ ತರಗತಿಯ ಕುರ್ಚಿಗಳನ್ನು ಎಣಿಸುವುದು ಸುಲಭ. ಕಲಿತವರು ಊರಿಗೆ ಮರಳಿ ಏನು ಮಾಡಿದರು ಎಂಬುದನ್ನು ಅವರ ದೇಶವೇ ಹೇಳಬೇಕು. ಕೊಟ್ಟವರ ಪುಸ್ತಕವೊಂದನ್ನೇ ನಂಬಿದರೆ ಅದು ಬರೀ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡಂತೆ.

ಈ ಖರ್ಚು ನೀವು, ನಾವು ಕಟ್ಟುವ ತೆರಿಗೆಯದು. ಹಾಗಾಗಿ ಲೆಕ್ಕ ಕೇಳುವ ಹಕ್ಕು ನಮಗಿದೆ. ಕೇಳುವಾಗ ‘ಎಷ್ಟು ಕೊಟ್ಟೆವು?’ ಎನ್ನುವುದರ ಜೊತೆಗೆ ‘ಅವರಿಗೆ ಉಪಯೋಗವಾಯಿತೇ?’ ಎಂದೂ ಕೇಳೋಣ.