ಇಲಿಯ ಪಾಠಕ್ಕೆ ಮೂಳೆಮಜ್ಜೆಯ ನೆರವು

ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಕೇಳಿದ್ದಾಳೆ: ‘ಜ್ವರ ಬಂದಿದ್ದಾಗ ಓದಿದ್ದು ಒಂದಕ್ಷರವೂ ತಲೆಯಲ್ಲಿ ನಿಂತಿಲ್ಲ ಸರ್. ಯಾರದೋ ಕಣ್ಣು ಬಿದ್ದಿದೆ, ದೃಷ್ಟಿ ತೆಗೀಬೇಕು ಅಂತಾರೆ ಅಜ್ಜಿ. ನಿಜವೇ?’

ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಅಜ್ಜಿಯ ಅಕ್ಕರೆ ದೊಡ್ಡದು, ಆದರೆ ಕಾರಣ ಹುಡುಗಿಯ ರಕ್ತದಲ್ಲೇ ಇದೆ. ಬಿಳಿ ರಕ್ತಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೈಟೊಕೈನ್ ಎಂಬ ಅಣುಗಳನ್ನು ಬಳಸುತ್ತವೆ. ಸೋಂಕು ತಗುಲಿದಾಗ ಅವು ಉಕ್ಕುತ್ತವೆ. ಮೈ ಸುಡುತ್ತದೆ, ಹಸಿವು ಇಂಗುತ್ತದೆ, ನಿದ್ದೆ ಎಳೆಯುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಸೋಂಕಿನ ಸುಳಿವೂ ಇಲ್ಲದ ಗಟ್ಟಿಮುಟ್ಟಾದ ಪ್ರಾಣಿ ಹೊಸತೊಂದನ್ನು ಕಲಿಯುವುದಕ್ಕೂ ಇದೇ ಜಾತಿಯ ಅಣುಗಳು ಬೇಕಂತೆ! ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಕಿಪ್ನಿಸ್ ಅವರ ತಂಡ ಇದನ್ನು 2010ರಲ್ಲಿ ತೋರಿಸಿತು.

ಅವರ ಪ್ರಯೋಗ ಹೀಗಿತ್ತು. ದುಂಡನೆಯ ತೊಟ್ಟಿ. ತಳ ಕಾಣದಂತೆ ಬಣ್ಣ ಕದಡಿದ ನೀರು. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಅಂಗೈಯಗಲದ ಕಟ್ಟೆಯೊಂದು ಅಡಗಿದೆ. ಇಲಿಗೆ ಈಜು ಬರುತ್ತದೆ, ಆದರೆ ನೀರು ಕಂಡರಾಗದು. ಮೊದಮೊದಲು ಅದು ಅಂಚಿಗುಂಟ ಸುತ್ತುತ್ತ, ಅಕಸ್ಮಾತ್ತಾಗಿ ಕಟ್ಟೆ ಕಾಲಿಗೆ ತಾಗಿದಾಗ ಹತ್ತಿ ಕೂರುತ್ತದೆ. ಕೆಲವು ದಿನ ಕಳೆದ ಮೇಲೆ ನೋಡಬೇಕು: ಕೋಣೆಯ ಗೋಡೆಗಳ ಗುರುತು ಹಿಡಿದು ಸೀದಾ ಕಟ್ಟೆಯತ್ತಲೇ ಈಜುತ್ತದೆ. ಹೀಗೆ ಕಲಿತ ಇಲಿಗಳ ಮಿದುಳಿನ ಹೊರಪೊರೆಯಲ್ಲಿ ಟಿ ಕಣಗಳೆಂಬ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-4 ಎಂಬ ಸೈಟೊಕೈನ್ ತಯಾರಿಸುತ್ತ ನೆರೆದಿದ್ದವು. ರೋಗಾಣುವಿನ ಬೆನ್ನಟ್ಟಬೇಕಾದ ಕಣಗಳಿಗೆ ಅಲ್ಲೇನು ಕೆಲಸ?

ಇಂಟರ್‌ಲ್ಯೂಕಿನ್-4 ತಯಾರಿಸಲಾರದ ಇಲಿಗಳನ್ನು ಅದೇ ತೊಟ್ಟಿಗೆ ಬಿಟ್ಟರು. ಅವು ದಾರಿ ಕಲಿಯಲು ಪರದಾಡಿದವು. ಅಂಥ ಇಲಿಗಳಿಗೆ ಮಾಮೂಲಿ ಇಲಿಗಳ ಮೂಳೆಮಜ್ಜೆ ಕಸಿ ಮಾಡಿದರು. ಕಲಿಕೆ ಸುಧಾರಿಸಿತು! ಮೂಳೆಯ ಟೊಳ್ಳಿನಲ್ಲಿ ರಕ್ತಕಣ ಹುಟ್ಟಿಸುತ್ತ ಕೂತಿರುವ ಮೆತ್ತನೆಯ ಮಜ್ಜೆಗೂ ದಾರಿ ನೆನಪಿಡುವುದಕ್ಕೂ ನಂಟಿದೆ ಎಂಬುದನ್ನು ಎಷ್ಟು ಸಲ ಓದಿದರೂ ನನ್ನ ಬೆರಗು ತಗ್ಗಿಲ್ಲ. ಇಂಟರ್‌ಲ್ಯೂಕಿನ್-4 ಆ ಹೊರಪೊರೆಯಲ್ಲಿ ಉರಿಯೂತ ಏಳದಂತೆ ತಡೆಯುತ್ತದೆ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುವಂತೆ ಮಿದುಳಿನ ನಕ್ಷತ್ರಾಕಾರದ ಆಸ್ಟ್ರೊಸೈಟ್ ಕೋಶಗಳಿಗೆ ಸೂಚನೆ ಕೊಡುತ್ತದೆ.

ಜ್ವರ ಬರಿಸುವ ಇನ್ನೊಂದು ಸೈಟೊಕೈನ್ ಆದ ಇಂಟರ್‌ಲ್ಯೂಕಿನ್-1ರ ಕಥೆ ಇನ್ನೂ ಸೂಕ್ಷ್ಮ. ಜೆರುಸಲೆಮ್‌ನಲ್ಲಿ ವಿಜ್ಞಾನಿಗಳಾದ ರಾಝ್ ಯಿರ್ಮಿಯಾ ಮತ್ತು ಇನ್ಬಾಲ್ ಗೋಶೆನ್ ಅದರ ಪ್ರಮಾಣವನ್ನೇ ಏರಿಳಿಸಿ ನೋಡಿದರು. ಮಿದುಳಿನಲ್ಲಿ ಅದು ತುಸು ಏರಿದಾಗ ಪ್ರಾಣಿಗಳ ನೆನಪು ಚುರುಕಾಯಿತು. ವಿಪರೀತ ಏರಿಸಿದಾಗ ಕೆಟ್ಟಿತು. ಅದರ ಕೆಲಸವನ್ನು ಪೂರ್ತಿ ತಡೆದಾಗಲೂ ಕೆಟ್ಟಿತು.

ಪರೀಕ್ಷೆ ಹತ್ತಿರ ಬಂತೆಂದರೆ ‘ಇಮ್ಯುನಿಟಿ ಹೆಚ್ಚಿಸುತ್ತದೆ, ನೆನಪಿನ ಶಕ್ತಿಯನ್ನೂ ಹೆಚ್ಚಿಸುತ್ತದೆ’ ಎಂಬ ಪುಡಿಯ ಡಬ್ಬಿಗಳು ಅಂಗಡಿ ತುಂಬುತ್ತವೆ. ನನಗೆ ಸಿಟ್ಟು ಬರುವುದು ಇಲ್ಲೇ. ಏರಿಸಿದಷ್ಟೂ ಒಳ್ಳೆಯದೆನ್ನಲು ರೋಗನಿರೋಧಕತೆ ಬ್ಯಾಂಕಿನ ಠೇವಣಿಯೇ? ಜ್ವರದಲ್ಲಿ ಅದು ಏರಿಯೇ ಇರುತ್ತದೆ. ಆಗ ಓದಿದ್ದು ಎಷ್ಟು ಉಳಿಯಿತೆಂದು ಆ ಹುಡುಗಿಯನ್ನೇ ಕೇಳಿ.

ತಾಯಂದಿರೇ, ಆ ಪುಡಿಗೆ ದುಡ್ಡು ಸುರಿಯಬೇಡಿ. ಜ್ವರ ಬಂದ ಮಗುವಿನ ಕೈಯಿಂದ ಪುಸ್ತಕ ತೆಗೆದಿಟ್ಟು, ಗಂಜಿ ಕುಡಿಸಿ ಮಲಗಿಸಿ. ಜ್ವರ ಇಳಿದ ಮೇಲೆ ಓದಿದರಾಯಿತು.