ಗುಲಾಬಿ ಕಾಗದಕ್ಕೆ ಸೋತ ಹೆಲೆನ್ ಡಗ್ಲಸ್

ನಟನಟಿಯರು ಚುನಾವಣೆಗೆ ನಿಂತಾಗ ಮುಖ ನೋಡಿ ಮತ ನೀಡುವವರೂ ಉಂಟು, ಬಣ್ಣ ಹಚ್ಚುವವರಿಗೆ ರಾಜ್ಯಾಡಳಿತದ ಗೊಡವೆಯೇಕೆಂದು ಮೂಗು ಮುರಿಯುವವರೂ ಉಂಟು. ಅಮೆರಿಕದ ಹೆಲೆನ್ ಗಹಗನ್ ಡಗ್ಲಸ್ ಈ ಎರಡು ಬಗೆಯ ಜನರನ್ನೂ ಕಂಡವರು. ಆದರೆ ಅವರ ರಾಜಕೀಯ ಜೀವನವನ್ನು ಮುಗಿಸಿದ್ದು ಈ ಎರಡೂ ಅಲ್ಲ, ಗುಲಾಬಿ ಬಣ್ಣದ ಒಂದು ಕರಪತ್ರ. ಸಮಾನ ಹಕ್ಕಿಗಾಗಿ ದನಿಯೆತ್ತಿದವರ ಮೇಲೆ ಅಪವಾದ ಹೊರಿಸುವುದು ಎಷ್ಟು ಸುಲಭವೆಂಬುದನ್ನು ಅರಿಯಲು ಇವರ ಕಥೆಯನ್ನು ನಾವು ಓದಬೇಕು.

1900ರಲ್ಲಿ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದ ಹೆಲೆನ್ ನಾಟಕಕ್ಕೆ ಸೇರುವುದು ಇಂಜಿನಿಯರ್ ಆಗಿದ್ದ ತಂದೆಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಮಗಳು ಕಾಲೇಜನ್ನು ಅರ್ಧಕ್ಕೆ ಬಿಟ್ಟು ರಂಗವೇರಿ, 1922ರ ಹೊತ್ತಿಗೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ಹೆಸರುವಾಸಿಯಾದರು. ಬಳಿಕ ಸಂಗೀತ ಕಲಿತು ಯೂರೋಪಿನಲ್ಲಿ ಗೀತನಾಟಕಗಳಲ್ಲಿ ಹಾಡಿದರು. 1931ರಲ್ಲಿ ಸಹನಟ ಮೆಲ್ವಿನ್ ಡಗ್ಲಸರನ್ನು ವಿವಾಹವಾದರು. ಸಿನಿಮಾದಲ್ಲಿ ನಾಯಕಿಯಾಗಿ ನಟಿಸಿದ್ದು ಒಂದರಲ್ಲಿ ಮಾತ್ರ, 1935ರ 'ಶೀ' ಎಂಬ ಚಿತ್ರದಲ್ಲಿ. ಅದು ಸೋತಿತು.

1937ರಲ್ಲಿ ಆಸ್ಟ್ರಿಯಕ್ಕೆ ಹಾಡಲು ಹೋದಾಗ ಅಲ್ಲಿ ನಾಜಿ ಒಲವುಳ್ಳವರ ಯೆಹೂದ್ಯದ್ವೇಷವನ್ನು ಅವರು ಹತ್ತಿರದಿಂದ ಕಂಡರು. ಪತಿಯ ತಂದೆಯೇ ಯೆಹೂದ್ಯರು. ವಿಯೆನ್ನಾದಲ್ಲಿ ಹಾಡುವ ಒಪ್ಪಂದವನ್ನು ತೊರೆದು ಹೆಲೆನ್ ಸ್ವದೇಶಕ್ಕೆ ಮರಳಿದರು. ಅಲ್ಲಿಯೋ ಬೇರೊಂದು ಸಂಕಟ ಕಾದಿತ್ತು. ಬರಗಾಲ ಹಾಗೂ ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡ ಸಂಸಾರಗಳು ಕ್ಯಾಲಿಫೋರ್ನಿಯದ ಹಣ್ಣಿನ ತೋಟಗಳಲ್ಲಿ ಕೂಲಿ ಅರಸುತ್ತಾ ಬಂದು ಡೇರೆಗಳಲ್ಲಿ ನರಳುತ್ತಿದ್ದವು. ಹೆಲೆನ್ ಆ ಶಿಬಿರಗಳಿಗೆ ಹೋದರು, ನೋಡಿದರು. ಈ ವಲಸೆ ಕೂಲಿಗಳ ನೆರವಿಗಾಗಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಅವರ ಹೆಸರಿನಲ್ಲಿ ರಚನೆಯಾಗಿದ್ದ ಸಮಿತಿಯನ್ನು ಸೇರಿ ಅದರ ಮುಂದಾಳುವಾದರು. ರಾಜಕಾರಣಕ್ಕೆ ಅವರ ದಾರಿ ತೆರೆದದ್ದು ಇಲ್ಲಿಂದ.

1944ರಲ್ಲಿ ಲಾಸ್ ಏಂಜಲೀಸಿನ ಒಂದು ಕ್ಷೇತ್ರದಿಂದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಗೆದ್ದು, ಮರುವರ್ಷ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. ಕಪ್ಪು ಜನರು ಬಹುಸಂಖ್ಯೆಯಲ್ಲಿ ವಾಸಿಸುತ್ತಿದ್ದ ಕ್ಷೇತ್ರವದು. ರಾಜಧಾನಿಯ ತಮ್ಮ ಕಚೇರಿಗೆ ಕಪ್ಪು ಮಹಿಳೆಯೊಬ್ಬರನ್ನು ಕಾರ್ಯದರ್ಶಿಯಾಗಿ ನೇಮಿಸಿದರು. ಬಿಳಿಯ ಸದಸ್ಯರಲ್ಲಿ ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರೆನ್ನುತ್ತಾರೆ. ಸಮಾನತೆಯ ಭಾಷಣ ಮಾಡುವವರು ಹಲವರಿರುತ್ತಾರೆ. ತಮ್ಮ ಪಕ್ಕದ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆಂದು ಅವರಲ್ಲಿ ಎಷ್ಟು ಮಂದಿ ನೋಡಿಕೊಳ್ಳುತ್ತಾರೆ? ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರನ್ನು ಸಭೆಯಲ್ಲಿ ಹೀನಾಯವಾಗಿ ಕಂಡಾಗ, ಹೆಲೆನ್ ಸೇನಾ ದಾಖಲೆಗಳನ್ನು ತರಿಸಿ, ಅವರ ಶೌರ್ಯದ ವಿವರಗಳನ್ನು 1946ರಲ್ಲಿ ಸಭೆಯ ಕಡತಕ್ಕೇ ಸೇರಿಸಿದರು.

ದಕ್ಷಿಣದ ಸದಸ್ಯರೊಬ್ಬರು ಹೆಲೆನ್ ಮತ್ತು ಅವರ ಸಂಗಡಿಗರತ್ತ ಕೈತೋರಿ ಕಮ್ಯುನಿಸ್ಟರೆಂದು ಜರೆದದ್ದುಂಟು. ಹೆಲೆನ್ ಎದ್ದು ನಿಂತು, ತಾವು ಹೇಳಿದ್ದು ನನ್ನನ್ನೋ ಎಂದು ಕೇಳಿದರು. ಉತ್ತರ ಬರುವವರೆಗೂ ಬಿಡಲಿಲ್ಲ. ಅಲ್ಲವೆಂದು ಆತ ಹೇಳಲೇಬೇಕಾಯಿತು.

ಗೃಹಿಣಿಯರು ಅವರನ್ನು ಬಲ್ಲದ್ದು ಬೇರೊಂದು ಕಾರಣಕ್ಕೆ. 1947ರ ಮಾರ್ಚಿಯಲ್ಲಿ ಅವರು ದಿನಸಿ ತುಂಬಿದ ಬುಟ್ಟಿಯೊಂದನ್ನು ಹೊತ್ತು ಸಭೆಗೆ ಬಂದು, ಬೆಲೆ ನಿಯಂತ್ರಣ ಸಡಿಲವಾದ ಮೇಲೆ ಸಾಮಾನುಗಳ ದರ ಎಷ್ಟೇರಿದೆಯೆಂದು ತೋರಿಸಿದರು. ನಟಿಯ ನಾಟಕವೆಂದು ನಕ್ಕವರು ನಕ್ಕರು. ನಮ್ಮ ದೃಷ್ಟಿಯಲ್ಲಿ ಆ ನಟನಾ ಪರಿಣತಿ ಸಾರ್ಥಕವಾದ ದಿನವದು. ಮಹಿಳೆಯರಿಗೆ ಸಮಾನ ಕೆಲಸಕ್ಕೆ ಸಮಾನ ವೇತನ ಬೇಕೆಂದು ವಾದಿಸಿದ ಇವರೇ, ಸಮಾನ ಹಕ್ಕುಗಳ ಸಂವಿಧಾನ ತಿದ್ದುಪಡಿಯನ್ನು ವಿರೋಧಿಸಿದ್ದು ಹಲವರಿಗೆ ಸೋಜಿಗ. ದುಡಿಯುವ ಹೆಂಗಸರಿಗೆ ಆಗಲೇ ಇದ್ದ ವಿಶೇಷ ರಕ್ಷಣೆ ಅದರಿಂದ ಕೈತಪ್ಪೀತೆಂಬ ಶಂಕೆ ಆ ಕಾಲದ ಕಾರ್ಮಿಕಪರರಿಗಿತ್ತು.

ಇನ್ನು 1950ರ ಸೆನೆಟ್ ಚುನಾವಣೆ. ಎದುರಾಳಿ ರಿಚರ್ಡ್ ನಿಕ್ಸನ್. ವೀಟೊ ಮಾರ್ಕಾಂಟೋನಿಯೊ ಎಂಬ ಎಡಪಂಥೀಯ ಸದಸ್ಯರೊಡನೆ ಹೆಲೆನ್ 354 ಬಾರಿ ಒಂದೇ ಬಗೆಯಾಗಿ ಮತ ಹಾಕಿದ್ದಾರೆಂದು ನಿಕ್ಸನರ ಕಡೆಯವರು ಗುಲಾಬಿ ಕಾಗದದಲ್ಲಿ ಅಚ್ಚು ಹಾಕಿಸಿ ಲಕ್ಷಗಟ್ಟಲೆ ಪ್ರತಿಗಳನ್ನು ಹಂಚಿದರು. ಕೆಂಪಲ್ಲದಿದ್ದರೂ ಕೆಂಪಿನ ಛಾಯೆ ಎಂಬುದು ಆ ಬಣ್ಣದ ಇಂಗಿತ. ಅವುಗಳಲ್ಲಿ ಬಹುಪಾಲು ಡೆಮಾಕ್ರಟರೆಲ್ಲ ಒಟ್ಟಾಗಿ ನೀಡಿದ ಮತಗಳು. ಸ್ವತಃ ನಿಕ್ಸನರೇ ಅದೇ ಸದಸ್ಯರೊಡನೆ ನೂರಕ್ಕೂ ಹೆಚ್ಚು ಬಾರಿ ಮತ ಹಾಕಿದ್ದರು. ಅದನ್ನು ಕರಪತ್ರ ಹೇಳಲಿಲ್ಲ. ಒಂದೊಂದು ಅಂಕಿಯೂ ನಿಜ, ಒಟ್ಟು ಮಾತ್ರ ಸುಳ್ಳು! ಕೊರಿಯಾ ಯುದ್ಧದ ಭೀತಿಯಲ್ಲಿದ್ದ ಜನ ನಂಬಿದರು. ಶೇಕಡಾ 59 ಮತ ಪಡೆದು ನಿಕ್ಸನ್ ಗೆದ್ದರು.

ಕಥೋಲಿಕ ವಾಚಕರಿಗೆ ಕಹಿಯೆನಿಸಬಹುದಾದ ಸಂಗತಿಯೊಂದನ್ನು ಇಲ್ಲಿ ಮರೆಮಾಚಲಾರೆವು. ಮುಂದೆ ಅಮೆರಿಕದ ಪ್ರಥಮ ಕಥೋಲಿಕ ಅಧ್ಯಕ್ಷರಾದ ಜಾನ್ ಕೆನೆಡಿಯವರು, ಹೆಲೆನರ ಪಕ್ಷದವರೇ ಆಗಿದ್ದೂ, ಆ ಚುನಾವಣೆಯಲ್ಲಿ ತಂದೆಯವರ 1,000 ಡಾಲರಿನ ದೇಣಿಗೆಯನ್ನು ನಿಕ್ಸನರ ಕಚೇರಿಗೆ ತಾವೇ ಒಯ್ದು ಕೊಟ್ಟಿದ್ದರು. ಹತ್ತು ವರ್ಷಗಳಲ್ಲಿ ಅದೇ ನಿಕ್ಸನರನ್ನು ಅವರು ಎದುರಿಸಬೇಕಾಗಿ ಬಂತು. ಆಗ ಹೆಲೆನ್ ಕೆನೆಡಿಯವರ ಪರವಾಗಿ ಪ್ರಚಾರ ಮಾಡಿದರು.

ಹೆಲೆನ್ ಮತ್ತೆಂದೂ ಚುನಾಯಿತ ಪದವಿಗೇರಲಿಲ್ಲ. 1974ರಲ್ಲಿ ನಿಕ್ಸನ್ ಅಧ್ಯಕ್ಷ ಪದವಿಗೆ ರಾಜೀನಾಮೆಯಿತ್ತುದನ್ನು ಕಂಡು, 1980ರ ಜೂನ್ 28ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಬಡ ಕಪ್ಪು ಜನರನ್ನು ಮತದಾನದಿಂದ ದೂರವಿಡುತ್ತಿದ್ದ ತಲೆಗಂದಾಯವನ್ನು ತೆಗೆಯಬೇಕೆಂದು ಅವರು ಸಭೆಯಲ್ಲಿ ಕೇಳಿದ್ದರು. ರಾಷ್ಟ್ರೀಯ ಚುನಾವಣೆಗಳಲ್ಲಿ ಅದು 1964ರಲ್ಲಿ ರದ್ದಾಯಿತು. ಗುಂಪುಗೂಡಿ ಕಪ್ಪು ಜನರನ್ನು ಕೊಲ್ಲುವುದರ ವಿರುದ್ಧ ಕೇಂದ್ರ ಕಾನೂನು ಬೇಕೆಂದೂ ಕೇಳಿದ್ದರು. ಅದು ಬಂದದ್ದು 2022ರಲ್ಲಿ.